ನಿರಾಶ್ರಿತರಿಗೆ ಕಲಿಸಲು ಹೊರಡುವ ಕ್ರೈಸ್ತ ಶಿಕ್ಷಕರಿಗೆ

ನಿರಾಶ್ರಿತರ ನಡುವೆ ಸೇವೆ ಮಾಡಬೇಕೆಂದು ಪ್ರಾರ್ಥನೆಯಲ್ಲಿ ನಿಶ್ಚಯಿಸಿಕೊಂಡ ಶಿಕ್ಷಕರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ತಾವು ಅವರಿಗೆ ಏನನ್ನು ಕೊಡಬಲ್ಲೆವು ಎಂಬುದು. ಅವರಿಗೆ ಬೇಕಾಗಿರುವುದು ಒಳ್ಳೆಯ ಪಾಠ. ಮನೆ, ಊರು, ಶಾಲೆ, ಗೆಳೆಯರು ಎಲ್ಲವನ್ನೂ ಒಮ್ಮೆಲೇ ಕಳೆದುಕೊಂಡ ಮಗುವಿಗೆ, ಹೇಳಿದ ಹೊತ್ತಿಗೆ ಬರುವ, ಸಿದ್ಧತೆ ಮಾಡಿಕೊಂಡು ಬರುವ, ನಾಳೆಯೂ ಬರುವ ಶಿಕ್ಷಕರೊಬ್ಬರು ಸಿಕ್ಕರೆ ಅದೇ ದೊಡ್ಡ ಆಶ್ರಯ. ಕ್ರೈಸ್ತ ಶಿಕ್ಷಕರ ವಿಶ್ವಾಸವು ತರಗತಿಯೊಳಗೆ ಕಣ್ಣಿಗೆ ಕಾಣುವುದು ಮುಖ್ಯವಾಗಿ ಈ ನಿಷ್ಠೆಯಲ್ಲಿಯೇ ಎಂದು ನಾನು ನಂಬುತ್ತೇನೆ. ಈ ಬರಹದಲ್ಲಿ ಮುಂದೆ ಬರುವ ಸಲಹೆಗಳೆಲ್ಲ ಆ ನಂಬಿಕೆಯಿಂದಲೇ ಹುಟ್ಟಿವೆ.

ಹೊರಡುವ ಮುನ್ನ ಓದಬೇಕಾದದ್ದು

ಸತ್ಯವೇದವನ್ನು ಈ ಕೆಲಸದ ಕಣ್ಣಿನಿಂದ ಮತ್ತೊಮ್ಮೆ ಓದಿಕೊಳ್ಳಿ. ಯಾಜಕಕಾಂಡದ 19ನೆಯ ಅಧ್ಯಾಯವು ನಿಮ್ಮ ನಡುವೆ ಇಳಿದುಕೊಂಡಿರುವ ಪರದೇಶಿಯನ್ನು ಸ್ವದೇಶಿಯಂತೆಯೇ ಕಾಣಬೇಕೆಂದು ವಿಧಿಸುತ್ತದೆ. ಅದಕ್ಕೆ ಕೊಡುವ ಕಾರಣ, ಇಸ್ರಾಯೇಲರೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದರು ಎಂಬ ನೆನಪು. ವಿಮೋಚನಕಾಂಡದ 23ನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರದೇಶಿಯ ಮನೋವ್ಯಥೆ ಏನೆಂಬುದು ನಿಮಗೆ ಗೊತ್ತಿದೆ ಎನ್ನುತ್ತದೆ. ಮತ್ತಾಯನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಯೋಸೇಫನು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರಿಯಲ್ಲಿ ಗಡಿ ದಾಟುತ್ತಾನೆ. ಕೊಲ್ಲಲು ಹುಡುಕುತ್ತಿದ್ದ ಅರಸನಿಂದ ತಪ್ಪಿಸಿಕೊಂಡು ಓಡಿದ ಆ ಕುಟುಂಬದ ಕಥೆಗೂ ನಿಮ್ಮ ತರಗತಿಯಲ್ಲಿ ಕುಳಿತಿರುವ ಮಕ್ಕಳ ಕಥೆಗೂ ಇರುವ ಅಂತರ ಬಹಳ ಕಡಿಮೆ. ಅದೇ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕರ್ತನು ತನ್ನನ್ನೇ ಪರದೇಶಿಯೊಂದಿಗೆ ಗುರುತಿಸಿಕೊಳ್ಳುತ್ತಾನೆ. ಈ ಭಾಗಗಳನ್ನು ಓದಿದ ಮೇಲೆ, ನಾವು ಮೇಲಿನವರು, ಅವರು ಕೆಳಗಿನವರು ಎಂಬ ಭಾವನೆ ಉಳಿಯಲು ಸಾಧ್ಯವಿಲ್ಲ. ಆ ಭಾವನೆಯನ್ನು ಕಳಚಿಡದೆ ತರಗತಿಗೆ ಕಾಲಿಟ್ಟರೆ ಮಕ್ಕಳು ಅದನ್ನು ಮೊದಲ ದಿನವೇ ಗುರುತಿಸುತ್ತಾರೆ.

ಶಾಸ್ತ್ರದ ಜೊತೆಗೆ ಕಾನೂನನ್ನೂ ಸ್ವಲ್ಪ ತಿಳಿದಿರಬೇಕು. 1951ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ನಿರಾಶ್ರಿತರ ಒಡಂಬಡಿಕೆಯ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಗುರಿಯಾಗುವ ಸಕಾರಣ ಭಯದಿಂದ ತನ್ನ ದೇಶದ ಹೊರಗಿದ್ದು, ಅದರ ರಕ್ಷಣೆಯನ್ನು ಪಡೆಯಲಾಗದವರು ನಿರಾಶ್ರಿತರು. ಮೊದಲಿಗೆ ಅದು 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1967ರ ಪ್ರೋಟೊಕಾಲ್ ಆ ಮಿತಿಯನ್ನು ತೆಗೆಯಿತು. ಶಿಕ್ಷಕರಿಗೆ ಮುಖ್ಯವಾದದ್ದು ಒಡಂಬಡಿಕೆಯ 22ನೆಯ ವಿಧಿ: ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತ ಮಕ್ಕಳನ್ನು ಆ ದೇಶದ ಸ್ವಂತ ಮಕ್ಕಳಂತೆಯೇ ನಡೆಸಿಕೊಳ್ಳಬೇಕು ಎನ್ನುತ್ತದೆ ಅದು. ಎಲ್ಲ ದೇಶಗಳೂ ಈ ಒಡಂಬಡಿಕೆಗೆ ಸೇರಿಲ್ಲವಾದ್ದರಿಂದ ನೀವು ಕೆಲಸ ಮಾಡುವ ದೇಶ ಸೇರಿದೆಯೇ ಎಂದು ವಿಚಾರಿಸಿಕೊಳ್ಳಿ. ಸೇರಿಲ್ಲದಿದ್ದರೂ ಕೈಚೆಲ್ಲಬೇಕಾಗಿಲ್ಲ, 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಬದ್ಧವಾಗಿವೆ ಮತ್ತು ಅದರ 28ನೆಯ ವಿಧಿ ಪ್ರತಿಯೊಂದು ಮಗುವಿಗೂ ಶಿಕ್ಷಣದ ಹಕ್ಕನ್ನು ಕೊಡುತ್ತದೆ. ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಹಿಂಜರಿಯುವ ಮುಖ್ಯೋಪಾಧ್ಯಾಯರ ಮುಂದೆ ದಯೆಯನ್ನು ಬೇಡುವುದಕ್ಕಿಂತ ಹಕ್ಕನ್ನು ವಿನಯದಿಂದ ನೆನಪಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಒಬ್ಬರೇ ಹೊರಡಬೇಡಿ ಎಂಬುದು ಇನ್ನೊಂದು ಮಾತು. ನಿಮ್ಮ ಸಭೆಯ ಮೂಲಕವೋ ಈಗಾಗಲೇ ಅಲ್ಲಿ ನೆಲೆಯೂರಿರುವ ಸಂಸ್ಥೆಯ ಮೂಲಕವೋ ಸೇರಿಕೊಳ್ಳಿ. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಪಾರಾಗಿ ಬರುತ್ತಿದ್ದವರ ದುಃಸ್ಥಿತಿಯನ್ನು ಕಂಡು ಮನಕರಗಿದ, ಯೇಸುಸಭೆ (ಜೆಸ್ವಿಟರು) ಎಂಬ ಕಥೋಲಿಕ ಧಾರ್ಮಿಕ ಸಂಘದ ಅಂದಿನ ಮಹಾಶ್ರೇಷ್ಠ ಪೆದ್ರೋ ಅರೂಪೆ ಅವರು 1980ರ ನವೆಂಬರಿನಲ್ಲಿ ಜೆಸ್ವಿಟ್ ರೆಫ್ಯೂಜಿ ಸರ್ವಿಸ್ ಅನ್ನು ಆರಂಭಿಸಿದರು. ಜೊತೆಗಿರುವುದು, ಸೇವೆ ಮಾಡುವುದು, ಅವರ ಪರವಾಗಿ ದನಿಯೆತ್ತುವುದು ಎಂಬ ಮೂರು ಮಾತುಗಳಲ್ಲಿ ಆ ಸಂಸ್ಥೆ ತನ್ನ ಕೆಲಸವನ್ನು ಹೇಳಿಕೊಳ್ಳುತ್ತದೆ. ಜೊತೆಗಿರುವುದು ಮೊದಲು ಬರುತ್ತದೆ ಎಂಬುದನ್ನು ಗಮನಿಸಿ. ಯಾವ ಸಂಸ್ಥೆಯನ್ನು ಸೇರಿದರೂ ಅದರ ಮಕ್ಕಳ ಸುರಕ್ಷತೆಯ ನಿಯಮಗಳನ್ನು ಕೇಳಿ ಪಡೆದು ಓದಿ, ಹಿನ್ನೆಲೆ ಪರಿಶೀಲನೆಗೆ ಸಂತೋಷದಿಂದ ಒಪ್ಪಿಕೊಳ್ಳಿ. ಇಂಥ ನಿಯಮಗಳೇ ಇಲ್ಲದ ಸಂಸ್ಥೆಯಾದರೆ, ಅದು ಎಷ್ಟೇ ಭಕ್ತಿಯುಳ್ಳದ್ದಾಗಿದ್ದರೂ ಅಲ್ಲಿಗೆ ಹೋಗಬೇಡಿ.

ಸುವಾರ್ತೆ ಮತ್ತು ಸಹಾಯ

ಈ ವಿಷಯದಲ್ಲಿ ಸ್ಪಷ್ಟತೆ ಇಲ್ಲದ ಶಿಕ್ಷಕರು ತಮಗೂ ಮಕ್ಕಳಿಗೂ ತಮ್ಮ ಸಭೆಗೂ ತೊಂದರೆ ತಂದೊಡ್ಡುತ್ತಾರಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಿರಾಶ್ರಿತರು ನಿಮ್ಮ ಮುಂದೆ ಸಮಾನ ನೆಲೆಯಲ್ಲಿ ನಿಂತಿಲ್ಲ. ತರಗತಿಯಲ್ಲಿ ಸ್ಥಾನ, ಪುಸ್ತಕ, ಪ್ರಮಾಣಪತ್ರ, ಕೆಲವೊಮ್ಮೆ ಊಟ ಕೂಡ ನಿಮ್ಮ ಕೈಯಿಂದ ಅವರಿಗೆ ಸಿಗುತ್ತದೆ. ಇಂಥವರ ಮುಂದೆ ನೀವು ಪ್ರಾರ್ಥನೆಗೆ ಬನ್ನಿ ಎಂದು ಮೃದುವಾಗಿ ಕರೆದರೂ ಅದು ಅವರ ಕಿವಿಗೆ ಷರತ್ತಿನಂತೆ ಕೇಳಬಹುದು. ಆದ್ದರಿಂದಲೇ 1994ರಲ್ಲಿ ರೆಡ್ ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ ರೂಪಿಸಿದ ನೀತಿಸಂಹಿತೆಯು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಬೆಳೆಸಲು ಬಳಸಬಾರದೆಂದು ಹೇಳಿತು. ಅದನ್ನು ರೂಪಿಸಿದವರಲ್ಲಿ ಕಾರಿತಾಸ್ ಇಂಟರ್‌ನ್ಯಾಷನಲಿಸ್, ಲೂಥರನ್ ವರ್ಲ್ಡ್ ಫೆಡರೇಶನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಕೂಡ ಇದ್ದವು. ಅಂದರೆ ಈ ನಿಯಮವು ಸಭೆಗಳ ಮೇಲೆ ಹೊರಗಿನಿಂದ ಹೇರಿದ್ದಲ್ಲ, ಅವೇ ಒಪ್ಪಿ ಬರೆದದ್ದು.

ಹಾಗಾದರೆ ವಿಶ್ವಾಸವನ್ನು ಬಚ್ಚಿಡಬೇಕೇ ಎಂದು ಕೇಳುವಿರಿ. ಬಚ್ಚಿಡಬೇಕಾಗಿಲ್ಲ. ವಿದ್ಯಾರ್ಥಿಯೊಬ್ಬರು ತಾವಾಗಿಯೇ ನೀವು ಏಕೆ ಈ ಕೆಲಸಕ್ಕೆ ಬಂದಿರಿ ಎಂದು ಕೇಳಿದರೆ ಸತ್ಯವನ್ನೇ ಹೇಳಿ, ಚಿಕ್ಕದಾಗಿ ಹೇಳಿ, ಪಾಠದ ವೇಳೆಯ ಹೊರಗೆ ಹೇಳಿ. ನಿಮ್ಮ ನಿರೀಕ್ಷೆಗೆ ಆಧಾರವನ್ನು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಹೇಳಿರಿ ಎಂಬ ಪೇತ್ರನ ಮೊದಲನೆಯ ಪತ್ರಿಕೆಯ ಬುದ್ಧಿಮಾತಿನಲ್ಲಿ ಕೇಳುವವರು ಮೊದಲು ಬರುತ್ತಾರೆ, ಹೇಳುವವರು ಆಮೇಲೆ. ಮಕ್ಕಳ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆಯಿಲ್ಲದೆ ಧರ್ಮದ ಮಾತನ್ನು ಮುಂದುವರಿಸಲೇಬಾರದು. ದೊಡ್ಡವರೊಬ್ಬರು ದೀಕ್ಷಾಸ್ನಾನವನ್ನು ಬಯಸಿದರೂ ಅವಸರಪಡಬೇಡಿ: ಮತಾಂತರದ ಸುದ್ದಿ ಹಿಂದೆ ಉಳಿದ ಬಂಧುಗಳಿಗೆ ಅಪಾಯ ತರಬಹುದು, ಆಶ್ರಯ ಕೋರಿದ ಅರ್ಜಿಯ ಮೇಲೂ ಪರಿಣಾಮ ಬೀರಬಹುದು. ಅದು ಅನುಭವಿ ಸಭಾಪಾಲಕರು ಮತ್ತು ವಕೀಲರ ಜೊತೆಗೆ ಕುಳಿತು ಆಲೋಚಿಸಬೇಕಾದ ಸಂಗತಿ. ಇನ್ನು, ಧರ್ಮದ ಹೆಸರಿನಲ್ಲಿಯೇ ಹಿಂಸೆಗೆ ಒಳಗಾಗಿ ಓಡಿಬಂದವರೂ ತರಗತಿಯಲ್ಲಿ ಇರುತ್ತಾರೆ, ಅವರಲ್ಲಿ ಕ್ರೈಸ್ತರೂ ಇರುತ್ತಾರೆ. ಒಬ್ಬರ ಧರ್ಮವನ್ನು ಇನ್ನೊಬ್ಬರ ಎದುರಿಗೆ ವಿಚಾರಿಸುವುದು ಸರಿಯಲ್ಲ. ಉಪವಾಸದ ದಿನಗಳಲ್ಲಿ ಪರೀಕ್ಷೆಯ ಹೊತ್ತನ್ನು ಬದಲಿಸುವುದು, ಬೇರೆ ಧರ್ಮದ ವಿದ್ಯಾರ್ಥಿ ಪ್ರಾರ್ಥನೆಗೆ ಜಾಗ ಕೇಳಿದಾಗ ಒಂದು ಕೋಣೆಯನ್ನು ತೆರೆದುಕೊಡುವುದು ನಿಮ್ಮ ವಿಶ್ವಾಸಕ್ಕೆ ಕುಂದಲ್ಲ.

ತರಗತಿಯ ಮೊದಲ ದಿನಗಳು

ಹೆಸರಿನಿಂದ ಆರಂಭಿಸಿ. ಪ್ರತಿಯೊಬ್ಬರ ಹೆಸರನ್ನೂ ಅವರ ಬಾಯಿಂದಲೇ ಕೇಳಿ, ಸರಿಯಾಗಿ ಉಚ್ಚರಿಸುವವರೆಗೂ ಅಭ್ಯಾಸ ಮಾಡಿ, ಅನುಕೂಲಕ್ಕಾಗಿ ಮೊಟಕುಗೊಳಿಸಬೇಡಿ. ಇಥಿಯೋಪಿಯ ಮತ್ತು ಎರಿಟ್ರಿಯದ ಸಂಪ್ರದಾಯದಲ್ಲಿ ಎರಡನೆಯ ಹೆಸರು ತಂದೆಯದು, ಕುಲನಾಮವಲ್ಲ. ಬರ್ಮಾದ ಅನೇಕರಿಗೆ ಕುಲನಾಮವೇ ಇರುವುದಿಲ್ಲ. ಅರ್ಜಿಯ ಖಾನೆಗಳಿಗೆ ಹೊಂದದ ಹೆಸರನ್ನು ಕಂಡು ಸಂಶಯಪಡುವ ಅಗತ್ಯವಿಲ್ಲ. ಹುಟ್ಟಿದ ದಿನದ ವಿಷಯವೂ ಹಾಗೆಯೇ: ಜನನ ದಾಖಲೆ ಇಲ್ಲದವರಿಗೆ ಅಧಿಕಾರಿಗಳು ಜನವರಿ 1 ಎಂದು ಬರೆಯುವ ರೂಢಿ ಅನೇಕ ಕಡೆ ಇರುವುದರಿಂದ ಒಂದೇ ತರಗತಿಯಲ್ಲಿ ಹಲವರಿಗೆ ಅದೇ ಜನ್ಮದಿನ ಇರಬಹುದು.

ದಿನಚರಿಯನ್ನು ಗೋಡೆಯ ಮೇಲೆ ಚಿತ್ರಗಳ ಸಮೇತ ಹಾಕಿ, ಅದನ್ನು ಮುರಿಯದೆ ನಡೆಸಿ. ಆತಂಕದಲ್ಲಿ ಬದುಕಿಬಂದ ಮಗುವಿಗೆ ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಿರುವುದೇ ಅರ್ಧ ಸಮಾಧಾನ. ಬಾಗಿಲು ಕಾಣುವ ಜಾಗದಲ್ಲಿಯೇ ಕುಳಿತುಕೊಳ್ಳಲು ಕೆಲವು ಮಕ್ಕಳು ಹಠ ಹಿಡಿಯುತ್ತಾರೆ, ಕುಳಿತುಕೊಳ್ಳಲಿ. ಗಂಟೆ ಬಾರಿಸುವ ಮೊದಲು, ಬೆಂಕಿ ಅಪಾಯದ ಅಣಕು ಅಭ್ಯಾಸದ ಮೊದಲು, ಹೊಸಬರು ತರಗತಿಗೆ ಬರುವ ಮೊದಲು ತಿಳಿಸಿ. ಹಿಂದಿನಿಂದ ಬಂದು ಭುಜ ಮುಟ್ಟಬೇಡಿ. ನನ್ನ ಮನೆ, ನನ್ನ ಕುಟುಂಬ, ರಜೆಯ ದಿನಗಳು ಎಂಬಂಥ ಪ್ರಬಂಧ ಮತ್ತು ಚಿತ್ರಗಳನ್ನು ಕಡ್ಡಾಯ ಮಾಡಬೇಡಿ. ಪಠ್ಯದಲ್ಲಿ ಅಂಥ ಅಭ್ಯಾಸ ಬಂದರೆ, ನಾನು ಕಂಡ ಒಂದು ಮರ ಅಥವಾ ನನಗೆ ಇಷ್ಟವಾದ ಆಟ ಎಂಬ ಇನ್ನೊಂದು ಆಯ್ಕೆಯನ್ನೂ ಪಕ್ಕದಲ್ಲಿಯೇ ಇಡಿ.

ಮಗು ಸಿಡಿಮಿಡಿಗೊಂಡರೂ, ಮೌನಕ್ಕೆ ಜಾರಿದರೂ, ಗಮನ ಕೊಡಲಾಗದೆ ಕಿಟಕಿಯತ್ತ ನೋಡುತ್ತ ಕುಳಿತರೂ ಅದನ್ನು ಅವಿಧೇಯತೆ ಎಂದು ಕೂಡಲೇ ತೀರ್ಮಾನಿಸಬೇಡಿ. ಆಘಾತಕ್ಕೆ ಒಳಗಾದವರಲ್ಲಿ ನಿದ್ರೆ ಕೆಡುವುದು, ಚಿಕ್ಕ ಸದ್ದಿಗೂ ಬೆಚ್ಚುವುದು, ನೆನಪಿನ ಶಕ್ತಿ ಕುಂದುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಸಹಭಾಗಿಗಳು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸಗಳನ್ನು ಹೇಳುತ್ತದೆ: ಗಮನಿಸುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವಿನ ಕಡೆಗೆ ದಾರಿ ತೋರಿಸುವುದು. ನಡೆದದ್ದನ್ನು ಹೇಳುವಂತೆ ಒತ್ತಾಯಿಸಬಾರದು ಎಂಬುದು ಅದರ ಮುಖ್ಯ ಎಚ್ಚರಿಕೆ. ಕಥೆಯನ್ನು ಹೊರಗೆ ಹಾಕಿದರೆ ಮನಸ್ಸು ಹಗುರಾಗುತ್ತದೆ ಎಂದು ಸಹೃದಯರಾದ ಅನೇಕ ಶಿಕ್ಷಕರು ನಂಬಿ ಕೆದಕುತ್ತಾರೆ. ತರಬೇತಿಯಿಲ್ಲದವರ ಕೈಯಲ್ಲಿ ಅದು ಗಾಯವನ್ನು ಮತ್ತೆ ತೆರೆಯುತ್ತದೆ. ಮಗು ತಾನಾಗಿ ಹೇಳಿದರೆ ಶಾಂತವಾಗಿ ಕೇಳಿ, ಹೇಳಿದ್ದಕ್ಕೆ ಮೆಚ್ಚುಗೆ ಸೂಚಿಸಿ, ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡಿ. ಮಗುವಿನ ಸುರಕ್ಷತೆಯ ಪ್ರಶ್ನೆ ಇದ್ದಲ್ಲಿ ನೀವು ಹೊಣೆಗಾರರಿಗೆ ತಿಳಿಸಲೇಬೇಕಾಗುತ್ತದೆ.

ಭಾಷೆ ಮತ್ತು ಲೆಕ್ಕ

ಹೊಸ ಭಾಷೆಯನ್ನು ಕಲಿಯುವ ವೇಗದ ಬಗ್ಗೆ ಶಿಕ್ಷಕರಲ್ಲಿ ಒಂದು ತಪ್ಪು ಎಣಿಕೆ ಬೇರೂರಿದೆ. ಭಾಷಾತಜ್ಞ ಜಿಮ್ ಕಮ್ಮಿನ್ಸ್ ಅವರ ಅಧ್ಯಯನಗಳು ತೋರಿಸಿದಂತೆ, ಆಟದ ಬಯಲಿನಲ್ಲಿ ಸಾಕಾಗುವ ಮಾತು ಒಂದೆರಡು ವರ್ಷಗಳಲ್ಲಿ ಬರುತ್ತದೆ. ವಿಜ್ಞಾನ, ಇತಿಹಾಸಗಳ ಪಠ್ಯವನ್ನು ಓದಿ ಉತ್ತರ ಬರೆಯುವ ಭಾಷೆ ಕೈವಶವಾಗಲು ಐದರಿಂದ ಏಳು ವರ್ಷಗಳೇ ಬೇಕಾಗುತ್ತವೆ. ಸರಾಗವಾಗಿ ಮಾತಾಡುವ ಹುಡುಗಿ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅವಳು ಸೋಮಾರಿಯೆಂದಾಗಲಿ ಮಂದಬುದ್ಧಿಯೆಂದಾಗಲಿ ಅರ್ಥವಲ್ಲ. ಅವಳ ಮಾತೃಭಾಷೆಯನ್ನು ತರಗತಿಯಿಂದ ಹೊರಗಿಡಬೇಡಿ. ಮೊದಲು ಆ ಭಾಷೆಯಲ್ಲಿ ಯೋಚಿಸಿ, ಒಂದೇ ಭಾಷೆಯ ಇಬ್ಬರು ಪರಸ್ಪರ ಚರ್ಚಿಸಿ, ಬಳಿಕ ಹೊಸ ಭಾಷೆಯಲ್ಲಿ ಬರೆಯಲು ಅವಕಾಶ ಕೊಟ್ಟರೆ ಕಲಿಕೆ ಗಟ್ಟಿಯಾಗುತ್ತದೆ. ಮಗುವಿನ ಸ್ವಂತ ಭಾಷೆ ಮತ್ತು ಸಂಸ್ಕೃತಿಯ ಬಗ್ಗೆ ಗೌರವ ಬೆಳೆಸುವುದು ಶಿಕ್ಷಣದ ಗುರಿಗಳಲ್ಲಿ ಒಂದೆಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೆಯ ವಿಧಿಯೂ ಹೇಳುತ್ತದೆ.

ಗಣಿತ ಎಲ್ಲ ಕಡೆಯೂ ಒಂದೇ ಎಂದು ಭಾವಿಸುವುದೂ ತಪ್ಪು. ಅರಬಿ ಭಾಷೆಯ ಅನೇಕ ದೇಶಗಳಲ್ಲಿ ಬಳಸುವ ಅಂಕಿಗಳಲ್ಲಿ ಸೊನ್ನೆಯನ್ನು ಚುಕ್ಕೆಯಾಗಿ ಬರೆಯುತ್ತಾರೆ, ಐದು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ. ಹಾಗೆ ಕಲಿತುಬಂದ ಹುಡುಗ 10 ಎಂಬುದನ್ನು ಹದಿನೈದು ಎಂದು ಓದಿದರೆ ಅವನಿಗೆ ಲೆಕ್ಕ ಬಾರದು ಎಂದು ಷರಾ ಬರೆದುಬಿಡುವ ಅಪಾಯವಿದೆ. ದಶಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುವ ದೇಶಗಳಿವೆ. ಭಾಗಾಕಾರವನ್ನು ಬರೆಯುವ ಕ್ರಮವೂ ದೇಶದಿಂದ ದೇಶಕ್ಕೆ ಬೇರೆ. ಮೊದಲ ವಾರದಲ್ಲಿ ಅವರ ಕ್ರಮದಲ್ಲಿಯೇ ಒಂದು ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸುವಂತೆ ಕೇಳಿ. ಅವರಿಗೆ ಏನು ಬರುತ್ತದೆ ಎಂಬುದು ನಿಮಗೂ ಉಳಿದ ವಿದ್ಯಾರ್ಥಿಗಳಿಗೂ ಆಗ ತಿಳಿಯುತ್ತದೆ.

ತಂದೆತಾಯಿಯರೊಡನೆ ಮಾತನಾಡುವಾಗ ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬೇಡಿ. ಕಾಯಿಲೆ, ಸಾಲ, ಅರ್ಜಿ ತಿರಸ್ಕಾರದಂಥ ಸುದ್ದಿಗಳನ್ನು ಹತ್ತು ವರ್ಷದ ಮಗು ತನ್ನ ತಾಯಿಗೆ ಹೇಳಬೇಕಾಗಿ ಬರುವುದು ಆ ಮಗುವಿನ ಹೆಗಲಿಗೆ ಹೊರಲಾರದ ಭಾರ. ದೊಡ್ಡವರಾದ ದುಭಾಷಿಯನ್ನು ಹುಡುಕಿ. ಆತ ಅಥವಾ ಆಕೆ ಎದುರಾಳಿ ಗುಂಪಿಗೆ ಸೇರಿದವರಲ್ಲ ಎಂಬುದನ್ನೂ ಕುಟುಂಬವನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಅವರೊಳಗಿನ ಶಿಕ್ಷಕರು

ನಿರಾಶ್ರಿತರ ನಡುವೆ ಶಿಕ್ಷಕರು, ದಾದಿಯರು, ಎಂಜಿನಿಯರುಗಳು ಇರುತ್ತಾರೆ. ಅವರನ್ನು ಹುಡುಕಿ ಸಹೋದ್ಯೋಗಿಗಳನ್ನಾಗಿ ಮಾಡಿಕೊಳ್ಳುವುದು ಅತ್ಯಂತ ಫಲದಾಯಕವಾದ ಕೆಲಸವೆಂದು ನನ್ನ ಅಭಿಪ್ರಾಯ. ಪ್ರಮಾಣಪತ್ರ ಕಳೆದುಕೊಂಡವರಿಗೂ ಇಂದು ಕೆಲವು ದಾರಿಗಳಿವೆ: ಯುರೋಪ್ ಕೌನ್ಸಿಲ್ ನಿರಾಶ್ರಿತರ ವಿದ್ಯಾರ್ಹತೆಯನ್ನು ಸಂದರ್ಶನ ಮತ್ತು ಲಭ್ಯ ದಾಖಲೆಗಳ ಮೂಲಕ ಅಳೆದು ದಾಖಲೆ ಕೊಡುವ ವ್ಯವಸ್ಥೆಯನ್ನು ನಡೆಸುತ್ತಿದೆ, ಯುನೆಸ್ಕೊ ಕೂಡ ಅಂಥದೇ ಅರ್ಹತಾ ಪಾಸ್‌ಪೋರ್ಟನ್ನು ರೂಪಿಸಿದೆ. ಉನ್ನತ ಶಿಕ್ಷಣಕ್ಕೆ ಹೋಗಬಲ್ಲ ತರುಣರಿಗೆ ಜರ್ಮನಿಯ ನೆರವಿನಿಂದ 1992ರಲ್ಲಿ ಆರಂಭವಾದ ಡಾಫಿ ವಿದ್ಯಾರ್ಥಿವೇತನವಿದೆ. ಅದನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ನಿರ್ವಹಿಸುತ್ತದೆ.

ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಮಾದರಿಯೊಂದಿದೆ. ಫ್ರಾನ್ಸಿನ ಲ ಶಾಂಬೋನ್-ಸ್ಯುರ್-ಲಿನ್ಯೋನ್ ಎಂಬ ಊರಿನಲ್ಲಿ ಪ್ರಾಟೆಸ್ಟೆಂಟ್ ಸಭಾಪಾಲಕ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೈಸ್ 1938ರಲ್ಲಿ ಒಂದು ಶಾಲೆಯನ್ನು ಆರಂಭಿಸಿದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯ ಮಕ್ಕಳು ಅಲ್ಲಿ ವಿದ್ಯಾರ್ಥಿಗಳಾದರು, ಓಡಿಬಂದ ವಿದ್ವಾಂಸರು ಅಲ್ಲಿಯೇ ಶಿಕ್ಷಕರಾದರು. ಆಂದ್ರೆಯವರ ಸಂಬಂಧಿ, ಶಿಕ್ಷಕ ದಾನಿಯೆಲ್ ತ್ರೋಕ್ಮೆ ಆ ಊರಿನ ಮಕ್ಕಳ ಮನೆಯೊಂದನ್ನೂ, ಬಳಿಕ ಮೆಸಾನ್ ದೆ ರೋಶ್ ಎಂಬ ವಿದ್ಯಾರ್ಥಿನಿಲಯವನ್ನೂ ನೋಡಿಕೊಳ್ಳುತ್ತಿದ್ದರು. 1943ರ ಜೂನ್ 29ರಂದು ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊ ಆ ವಿದ್ಯಾರ್ಥಿನಿಲಯಕ್ಕೆ ನುಗ್ಗಿತು. ತಪ್ಪಿಸಿಕೊಳ್ಳಲು ಅವಕಾಶವಿದ್ದರೂ ದಾನಿಯೆಲ್ ತಮ್ಮ ವಿದ್ಯಾರ್ಥಿಗಳ ಬಳಿಗೆ ಹೋದರು. ಅವರೊಂದಿಗೆ ಬಂಧಿತರಾಗಿ, 1944ರ ಏಪ್ರಿಲ್‌ನಲ್ಲಿ ನಾಜಿಗಳ ಮೈದಾನೆಕ್ ಸೆರೆಶಿಬಿರದಲ್ಲಿ ತೀರಿಕೊಂಡರು. ನಾಜಿಗಳು ಕೊಂದ ಯೆಹೂದ್ಯರ ಸ್ಮರಣೆಗಾಗಿ ಇಸ್ರೇಲಿನಲ್ಲಿರುವ ಯಾದ್ ವಶೇಮ್ ಸಂಸ್ಥೆ 1976ರಲ್ಲಿ ಅವರನ್ನು ಗೌರವಿಸಿತು. ಅಂಥ ಪರೀಕ್ಷೆ ಎಲ್ಲರಿಗೂ ಬರುವುದಿಲ್ಲ. ಆದರೆ ಬಂಧನದ ಆ ದಿನದವರೆಗೆ ಅವರು ಮಾಡಿದ್ದು ಪಾಠ, ಊಟ, ಬಟ್ಟೆ, ಹಾಸಿಗೆಗಳ ವ್ಯವಸ್ಥೆಯೆಂಬ ದಿನನಿತ್ಯದ ಕೆಲಸ, ಮತ್ತು ಅದು ನಮ್ಮೆಲ್ಲರಿಗೂ ಸಾಧ್ಯ.

ಗೌಪ್ಯತೆ

ಮಕ್ಕಳ ಫೋಟೊಗಳನ್ನು ಸಭೆಯ ವರದಿಯಲ್ಲಿಯೂ ಸಾಮಾಜಿಕ ಜಾಲತಾಣದಲ್ಲಿಯೂ ಹಾಕಬೇಡಿ. ಮುಖ, ಹೆಸರು, ಶಾಲೆಯ ಫಲಕ ಇವುಗಳಲ್ಲಿ ಯಾವುದೇ ಒಂದರಿಂದ ಕುಟುಂಬದ ನೆಲೆಯನ್ನು ಪತ್ತೆ ಹಚ್ಚಬಹುದು. ದಾನಿಗಳಿಗೆ ಮನಕಲಕುವ ಕಥೆ ಬೇಕೆನಿಸುವುದು ಸಹಜ. ಅವರಿಗೆ ಎಷ್ಟು ಮಕ್ಕಳು ಓದಲು ಕಲಿತರು, ಎಷ್ಟು ಪುಸ್ತಕಗಳು ಬೇಕು ಎಂದು ಬರೆಯಿರಿ. ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂಬ ಕರ್ತನ ಮಾತು ಇಲ್ಲಿ ಅಕ್ಷರಶಃ ಜನರ ಜೀವ ಉಳಿಸುತ್ತದೆ.

ಬಹುಕಾಲ ಉಳಿಯಲು

ಒಂದೇ ದೇಶದ ಕನಿಷ್ಠ 25,000 ಮಂದಿ ನಿರಂತರ ಐದು ವರ್ಷ ಅಥವಾ ಹೆಚ್ಚು ಕಾಲ ಆಶ್ರಯದಲ್ಲಿಯೇ ಉಳಿದಿದ್ದರೆ ಅದನ್ನು ದೀರ್ಘಕಾಲೀನ ನಿರಾಶ್ರಿತ ಸ್ಥಿತಿ ಎಂದು ಹೈಕಮಿಷನರ್ ಕಚೇರಿ ಪರಿಗಣಿಸುತ್ತದೆ. ಶಿಬಿರದಲ್ಲಿಯೇ ಹುಟ್ಟಿ ಅಲ್ಲಿಯೇ ಶಾಲೆ ಮುಗಿಸಿದವರಿದ್ದಾರೆ. ಆದ್ದರಿಂದ ಕೆಲವು ವಾರಗಳ ಉತ್ಸಾಹದಲ್ಲಿ ಎಲ್ಲವನ್ನೂ ಸುರಿದು ಬಳಲಿ ಹಿಂದಿರುಗುವುದಕ್ಕಿಂತ, ವಾರಕ್ಕೆ ಎರಡೇ ಗಂಟೆಯಾದರೂ ತಪ್ಪದೆ ಬರುವುದು ಲೇಸು. ನಿಮ್ಮಿಂದ ಎಷ್ಟು ಕಾಲ ಸಾಧ್ಯವೆಂದು ಆರಂಭದಲ್ಲಿಯೇ ಪ್ರಾಮಾಣಿಕವಾಗಿ ಹೇಳಿ.

ನೋವಿನ ಕಥೆಗಳನ್ನು ದಿನವೂ ಕೇಳುವವರ ಮನಸ್ಸೂ ದಣಿಯುತ್ತದೆ. ನಿದ್ರೆ ಬಾರದಿರುವುದು, ಪ್ರಾರ್ಥನೆ ಒಣಗಿದಂತೆನಿಸುವುದು, ಮನೆಯವರ ಮೇಲೆ ರೇಗುವುದು ಅದರ ಲಕ್ಷಣಗಳು. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಎಲೀಯನು ಸಾಯಬೇಕೆಂದು ಬೇಡಿಕೊಂಡು ಅಡವಿಯ ಗಿಡವೊಂದರ ಕೆಳಗೆ ಮಲಗಿದಾಗ, ದೇವದೂತನು ಅವನನ್ನು ಗದರಿಸುವುದಿಲ್ಲ, ಉಪದೇಶಿಸುವುದೂ ಇಲ್ಲ. ರೊಟ್ಟಿ ಮತ್ತು ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ. ವಾರದಲ್ಲಿ ಒಂದು ದಿನದ ವಿಶ್ರಾಂತಿಯನ್ನು ಆಜ್ಞೆಯೆಂದೇ ತಿಳಿದು ಪಾಲಿಸಿ. ಮಕ್ಕಳ ಹೆಸರು, ವಿವರ ಹೇಳದೆ ನಿಮ್ಮ ಭಾರವನ್ನು ಹೇಳಿಕೊಳ್ಳಬಲ್ಲ ಒಬ್ಬ ಹಿರಿಯರನ್ನು ಗುರುತಿಸಿಕೊಳ್ಳಿ. ಲಕ್ಷಣಗಳು ಮುಂದುವರಿದರೆ ವೈದ್ಯರನ್ನು ಕಾಣಿ, ಅದು ಅವಿಶ್ವಾಸವಲ್ಲ.

ಬಿಟ್ಟು ಹೊರಡುವ ಕಾಲ ಬಂದಾಗ ಕೆಲವು ವಾರಗಳ ಮೊದಲೇ ಮಕ್ಕಳಿಗೆ ದಿನಾಂಕ ಸಹಿತ ತಿಳಿಸಿ. ಹೇಳದೆ ಕೇಳದೆ ಮರೆಯಾದವರನ್ನು ಅವರು ಈಗಾಗಲೇ ಬಹಳ ಕಂಡಿದ್ದಾರೆ. ಮತ್ತೆ ಬರುತ್ತೇನೆ ಎಂಬ ಮಾತನ್ನು ನಿಜವಾಗಿ ಬರುವವರು ಮಾತ್ರ ಹೇಳಲಿ. ನಿಮ್ಮ ನಂತರ ಬರುವ ಶಿಕ್ಷಕರನ್ನು ತರಗತಿಗೆ ಕರೆತಂದು ಕೆಲವು ದಿನ ಜೊತೆಯಲ್ಲಿಯೇ ಪಾಠ ಮಾಡಿ. ಪ್ರತಿ ಮಗುವಿನ ಹೆಸರಿನ ಸರಿಯಾದ ಉಚ್ಚಾರಣೆ, ಯಾವ ಭಾಷೆಯಲ್ಲಿ ಓದಬಲ್ಲದು, ಯಾವ ಪಾಠದವರೆಗೆ ಬಂದಿದೆ, ಯಾವ ಸದ್ದಿಗೆ ಬೆದರುತ್ತದೆ, ಎಲ್ಲಿ ಕುಳಿತುಕೊಳ್ಳಲು ಇಷ್ಟಪಡುತ್ತದೆ ಎಂಬುದನ್ನು ಬರೆದ ಟಿಪ್ಪಣಿಯನ್ನು ಅವರ ಕೈಗೆ ಕೊಡಿ. ಮಗು ನಂಬಿಕೆಯಿಂದ ಹೇಳಿಕೊಂಡ ಹಿಂದಿನ ಕಥೆಯನ್ನು ಅದರಲ್ಲಿ ಬರೆಯಬೇಡಿ.